ಒಸಡಿನ ರೋಗಾಣು ಮತ್ತು ದೇಹದ ಪ್ರತಿಕ್ರಿಯೆ: ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳ ಹಿನ್ನೆಲೆಯಲ್ಲಿ

ಸಾರಾಂಶ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಭಾಗದಲ್ಲಿ ಹಲ್ಲಿನ ಮಾತು ಬಂದರೆ ಅದು ಫ್ಲೋರೈಡ್ ನೀರು ಮತ್ತು ಕಂದುಗಟ್ಟಿದ ಹಲ್ಲಿನ ಸುತ್ತಲೇ ನಡೆಯುತ್ತದೆ. ಗಟ್ಟಿ ಹಲ್ಲನ್ನೂ ಬುಡ ಸಡಿಲಿಸಿ ಉದುರಿಸುವ ಒಸಡುರೋಗಕ್ಕೆ ಅಷ್ಟು ಗಮನ ಸಿಕ್ಕಿಲ್ಲ. ಒಸಡಿನ ರೋಗಾಣುಗಳು ದೇಹದ ರಕ್ಷಣಾ ವ್ಯವಸ್ಥೆಯೊಂದಿಗೆ ಹೇಗೆ ವ್ಯವಹರಿಸುತ್ತವೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಈ ರೋಗವನ್ನು ಸಕ್ಕರೆ ಕಾಯಿಲೆಯ ಜೊತೆಗೇ ತಪಾಸಣೆ ಮಾಡಬೇಕು ಎಂಬುದು ಇದರ ವಾದ.

1. ಹಿನ್ನೆಲೆ

ಹರಪನಹಳ್ಳಿ 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿ, ಮುಂದೆ ಬಳ್ಳಾರಿಗೆ ಮರಳಿತು. 2021ರಲ್ಲಿ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಯೊಳಗೆ ಬಂದವು. ಹಾಗಾಗಿ ಇಲ್ಲಿನ ಜನರ ಬಾಯಿಯ ಆರೋಗ್ಯವನ್ನು ಅರಿಯಲು ಹೊರಟವರು ಮೂರು ಜಿಲ್ಲೆಗಳ ದಾಖಲೆಗಳನ್ನು ಕೂಡಿಸಿ ಓದಬೇಕಾಗುತ್ತದೆ.

ರಾಷ್ಟ್ರಮಟ್ಟದ ಚಿತ್ರ ಮಾತ್ರ ಸ್ಪಷ್ಟವಾಗಿದೆ. ಭಾರತೀಯ ದಂತ ಪರಿಷತ್ತು 2002–03ರಲ್ಲಿ ನಡೆಸಿದ ಬಾಯಿ ಆರೋಗ್ಯ ಸಮೀಕ್ಷೆಯ ಪ್ರಕಾರ, 12 ವರ್ಷದ ಮಕ್ಕಳಲ್ಲಿ ಶೇ. 57ರಷ್ಟು, 35ರಿಂದ 44 ವರ್ಷದವರಲ್ಲಿ ಶೇ. 89.6ರಷ್ಟು ಮಂದಿಗೆ ಒಂದಲ್ಲ ಒಂದು ಮಟ್ಟದ ಒಸಡಿನ ತೊಂದರೆ ಇತ್ತು. ಬರೀ ರಕ್ತ ಒಸರುವ ಒಸಡು, ಗಟ್ಟಿಗಟ್ಟಿದ ಪಾಚಿ ಇರುವವರೂ ಈ ಲೆಕ್ಕದಲ್ಲಿದ್ದಾರೆ. ಇವರೆಲ್ಲರ ಹಲ್ಲೂ ಉದುರುವುದಿಲ್ಲ. ಯಾರ ಹಲ್ಲು ಉದುರುತ್ತದೆ, ಯಾರದು ಉಳಿಯುತ್ತದೆ ಎಂಬುದೇ ಇಲ್ಲಿನ ಮೂಲ ಪ್ರಶ್ನೆ.

2. ಒಸಡಿನ ಸಂದಿಯೊಳಗೆ

ಹಲ್ಲಿಗೂ ಒಸಡಿಗೂ ನಡುವೆ ಒಂದು ಸಣ್ಣ ಸಂದಿ ಇದೆ. ಆರೋಗ್ಯವಂತರಲ್ಲಿ ಅದರ ಆಳ 1ರಿಂದ 3 ಮಿಲಿಮೀಟರ್. ದಂತವೈದ್ಯರು ಗೆರೆ ಹಾಕಿದ ತೆಳು ಕಡ್ಡಿಯನ್ನು ಇಳಿಸಿ ಪ್ರತಿ ಹಲ್ಲಿನ ಸುತ್ತ ಆರು ಕಡೆ ಇದನ್ನು ಅಳೆಯುತ್ತಾರೆ. ಆಳ 4 ಮಿಲಿಮೀಟರ್ ಮುಟ್ಟಿ, ಕಡ್ಡಿ ತಾಗಿದ ಕಡೆ ರಕ್ತ ಜಿನುಗಿದರೆ ಅಲ್ಲಿ ರೋಗ ಬೇರೂರಿರಬಹುದೆಂದು ಶಂಕಿಸುತ್ತಾರೆ. ಇಂಥ ಸಂದಿಗಳ ಒಳಮೈಯಲ್ಲಿ ಉರಿಯೂತವಿರುವ ಭಾಗವನ್ನೆಲ್ಲ ಕೂಡಿಸಿದರೆ 8ರಿಂದ 20 ಚದರ ಸೆಂಟಿಮೀಟರ್ ಆಗಬಹುದೆಂಬ ಅಂದಾಜಿದೆ. ಇಷ್ಟು ದೊಡ್ಡ ಹುಣ್ಣು ಕೈಯ ಮೇಲಿದ್ದರೆ ಯಾರೂ ಸುಮ್ಮನಿರುತ್ತಿರಲಿಲ್ಲ.

ಉಜ್ಜಿದ ಹಲ್ಲಿನ ಮೇಲೆ ಮೊದಲು ಬಂದು ಕೂರುವುದು ಸ್ಟ್ರೆಪ್ಟೊಕಾಕಸ್ ಜಾತಿಯ ಬ್ಯಾಕ್ಟೀರಿಯಾಗಳು. ಪಾಚಿ ದಪ್ಪಗಾದಂತೆ ಫ್ಯೂಸೊಬ್ಯಾಕ್ಟೀರಿಯಂ ನ್ಯೂಕ್ಲಿಯೇಟಮ್ ಅವಕ್ಕೆ ಅಂಟಿಕೊಂಡು, ಆಮ್ಲಜನಕ ಸಹಿಸದ ಇತರ ಜೀವಿಗಳಿಗೆ ನೆಲೆ ಒದಗಿಸುತ್ತದೆ. ಕೊನೆಗೆ ಬರುವ ಪಾರ್ಫಿರೊಮೋನಾಸ್ ಜಿಂಜಿವಾಲಿಸ್, ಟ್ಯಾನರೆಲ್ಲಾ ಫೋರ್ಸೈಥಿಯಾ, ಟ್ರೆಪೊನೀಮಾ ಡೆಂಟಿಕೋಲಾ ಎಂಬ ಮೂರನ್ನು ಸೋಕ್ರಾನ್ಸ್ಕಿ ಮತ್ತು ಸಹೋದ್ಯೋಗಿಗಳು 1998ರಲ್ಲಿ ‘ಕೆಂಪು ಗುಂಪು’ ಎಂದು ವರ್ಗೀಕರಿಸಿದರು.

ಇವುಗಳಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು ಜಿಂಜಿವಾಲಿಸ್. ಹಲ್ಲು ಹುಳುಕಾಗಿಸುವ ಬ್ಯಾಕ್ಟೀರಿಯಾಗಳಂತೆ ಇದು ಸಕ್ಕರೆಯನ್ನು ನೆಚ್ಚಿಕೊಂಡಿಲ್ಲ. ಪ್ರೋಟೀನಿನ ತುಣುಕುಗಳು ಮತ್ತು ರಕ್ತದ ಹೀಮ್‌ನಲ್ಲಿರುವ ಕಬ್ಬಿಣ ಇದರ ಆಹಾರ. ಒಸಡು ಊದಿಕೊಂಡು ರಕ್ತ ಒಸರಿದಷ್ಟೂ ಇದಕ್ಕೆ ಊಟ ಹೆಚ್ಚು. ಸಿಹಿ ಬಿಟ್ಟೆನೆಂದ ಮಾತ್ರಕ್ಕೆ ಒಸಡು ಉಳಿಯುವುದಿಲ್ಲ ಎಂಬುದಕ್ಕೆ ಕಾರಣ ಇಲ್ಲಿದೆ.

ಜಿಂಜಿಪೇನ್ ಎಂಬ ಕಿಣ್ವಗಳನ್ನು ಸ್ರವಿಸಿ ಇದು ರಕ್ಷಣಾ ವ್ಯವಸ್ಥೆಯ ಕಾಂಪ್ಲಿಮೆಂಟ್ ಪ್ರೋಟೀನುಗಳನ್ನು ಕತ್ತರಿಸುತ್ತದೆ. ಇದರಿಂದ ಬಿಳಿ ರಕ್ತಕಣಗಳ ಕೊಲ್ಲುವ ಶಕ್ತಿ ಕುಂದುತ್ತದೆ, ಉರಿಯೂತ ಮಾತ್ರ ಆರುವುದಿಲ್ಲ. ಹಾಜಿಶೆಂಗಾಲಿಸ್ ತಂಡ 2011ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಒಟ್ಟು ಬ್ಯಾಕ್ಟೀರಿಯಾಗಳ ಶೇ. 0.01ಕ್ಕಿಂತಲೂ ಕಡಿಮೆ ಇದ್ದ ಜಿಂಜಿವಾಲಿಸ್ ಇಡೀ ಸಮುದಾಯದ ಸ್ವರೂಪವನ್ನೇ ಬದಲಿಸಿತು. ಬೇರೆ ಬ್ಯಾಕ್ಟೀರಿಯಾಗಳೇ ಇಲ್ಲದ ಇಲಿಗಳಲ್ಲಿ ಅದೊಂದರಿಂದಲೇ ಮೂಳೆ ಸವೆಯಲಿಲ್ಲ. ಹಲ್ಲಿನ ಬುಡದ ಮೂಳೆಯನ್ನು ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳೂ ದೇಹದವೇ. ಮಣಿಯದ ಉರಿಯೂತ ಅವುಗಳನ್ನು ಕೆಲಸಕ್ಕೆ ಹಚ್ಚುತ್ತದೆ.

3. ಅದೇ ಪಾಚಿ, ಬೇರೆ ಬೇರೆ ಫಲ

ದೇಹದ ಪಾಲು ಎಷ್ಟೆಂಬುದನ್ನು ತೋರಿಸಿದ್ದು ಶ್ರೀಲಂಕಾದ ಚಹಾ ತೋಟದ 480 ಗಂಡಾಳುಗಳ ಅಧ್ಯಯನ. ದಿನನಿತ್ಯ ಹಲ್ಲುಜ್ಜುವ ರೂಢಿಯಾಗಲಿ, ದಂತ ಚಿಕಿತ್ಸೆಯಾಗಲಿ ಇಲ್ಲದ ಇವರೆಲ್ಲರ ಬಾಯಲ್ಲೂ ಪಾಚಿ ಧಾರಾಳವಾಗಿತ್ತು. ಆದರೂ ಹಾರಾಲ್ಡ್ ಲೋ ಮತ್ತು ಸಂಗಡಿಗರ 1986ರ ವರದಿಯಂತೆ, ಸುಮಾರು ಶೇ. 8 ಮಂದಿಯಲ್ಲಿ ರೋಗ ಬಿರುಸಾಗಿ, ಶೇ. 81 ಮಂದಿಯಲ್ಲಿ ಸಾಧಾರಣ ವೇಗದಲ್ಲಿ ಮುಂದುವರಿಯಿತು. ಶೇ. 11 ಮಂದಿಯಲ್ಲಿ ಒಸಡಿನ ಉರಿಯೂತ ಬಿಟ್ಟರೆ ಹೆಚ್ಚಿನ ಹಾನಿ ಆಗಲಿಲ್ಲ. ಒಸಡುರೋಗ ಬಂದವರನ್ನು ‘ಹಲ್ಲುಜ್ಜದವರು’ ಎಂದು ಜರಿಯುವುದು ಅನ್ಯಾಯ ಮಾತ್ರವಲ್ಲ, ಅಪೂರ್ಣ ವಿಜ್ಞಾನವೂ ಹೌದು.

4. ಬಾಯಿಯಿಂದಾಚೆಗೆ

ಹೊರಗಿನ ಸಂಬಂಧಗಳಲ್ಲಿ ಗಟ್ಟಿ ಆಧಾರವಿರುವುದು ಸಕ್ಕರೆ ಕಾಯಿಲೆಗೆ. ರಕ್ತದಲ್ಲಿ ಸಕ್ಕರೆ ಏರಿದರೆ ಒಸಡಿನ ಉರಿಯೂತ ಉಲ್ಬಣಿಸುತ್ತದೆ, ಗಾಯ ಮಾಯುವುದು ತಡವಾಗುತ್ತದೆ. ಒಸಡಿನಿಂದ ಹೊರಟ ಉರಿಯೂತದ ಸಂಕೇತಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡಿಯಾಗುತ್ತವೆ. 2022ರ ಕಾಕ್ರೇನ್ ಪರಾಮರ್ಶೆ 35 ಪ್ರಯೋಗಗಳನ್ನು ಒಟ್ಟಾಗಿ ನೋಡಿ, ಒಸಡಿನ ಚಿಕಿತ್ಸೆಯಾದ ಮೂರು–ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿ (ರಕ್ತದ ಸರಾಸರಿ ಸಕ್ಕರೆಯ ಅಳತೆ) ಪ್ರಮಾಣ ಸರಾಸರಿ 0.43 ಶೇಕಡಾ ಅಂಶ ಇಳಿಯುತ್ತದೆ ಎಂದಿತು. 2013ರಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗವೊಂದರಲ್ಲಿ ಅಂಥ ಇಳಿಕೆ ಕಂಡಿರಲಿಲ್ಲ. ಆದ್ದರಿಂದ ಇದು ಮಾತ್ರೆ, ಪಥ್ಯಗಳಿಗೆ ಬದಲಿ ಅಲ್ಲ; ಅವುಗಳ ಜೊತೆಗಿರಬೇಕಾದ ಚಿಕಿತ್ಸೆ.

ಹೃದಯದ ವಿಷಯದಲ್ಲಿ ಎಚ್ಚರ ಬೇಕು. ಅಗಿಯುವಾಗಲೂ ರೋಗಾಣುಗಳು ರಕ್ತಕ್ಕೆ ಇಳಿಯಬಲ್ಲವು. ಗಟ್ಟಿಯಾದ ರಕ್ತನಾಳಗಳಲ್ಲಿ ಅವುಗಳ ಡಿಎನ್‌ಎ ಸಿಕ್ಕಿದೆ. 2007ರ ಒಂದು ಪ್ರಯೋಗದಲ್ಲಿ ತೀವ್ರ ಒಸಡು ಚಿಕಿತ್ಸೆಯಾದ ಮರುದಿನ ರಕ್ತನಾಳದ ಕೆಲಸ ಕುಗ್ಗಿ, ಆರು ತಿಂಗಳಲ್ಲಿ ಮೊದಲಿಗಿಂತ ಸುಧಾರಿಸಿತು. ಹಾಗಿದ್ದೂ ಸಂಬಂಧವಿದೆ, ಕಾರಣತ್ವ ಸಿದ್ಧವಾಗಿಲ್ಲ ಎಂದು ಅಮೆರಿಕದ ಹೃದಯ ಸಂಘ 2012ರಲ್ಲಿ ಹೇಳಿತು. ಬಸುರಿಯರಿಗೆ ಒಸಡು ಚಿಕಿತ್ಸೆ ಕೊಟ್ಟರೆ ಅವಧಿಪೂರ್ವ ಹೆರಿಗೆ ತಗ್ಗುತ್ತದೆಂಬ ನಿರೀಕ್ಷೆಯನ್ನು 2006ರ ದೊಡ್ಡ ಪ್ರಯೋಗ ಎತ್ತಿಹಿಡಿಯಲಿಲ್ಲ. ಚಿಕಿತ್ಸೆ ಸುರಕ್ಷಿತ ಎಂಬುದನ್ನು ಮಾತ್ರ ಖಚಿತಪಡಿಸಿತು. ‘ಹೆರಿಗೆ ಆಗಲಿ, ಆಮೇಲೆ ನೋಡೋಣ’ ಎಂದು ತಾಯಂದಿರನ್ನು ನೋವಿನಲ್ಲೇ ಕಾಯಿಸಲು ವೈದ್ಯಕೀಯ ಕಾರಣವಿಲ್ಲ.

5. ಫ್ಲೋರೈಡ್ ಪ್ರಶ್ನೆ

ಕೂಡ್ಲಿಗಿ, ಹರಪನಹಳ್ಳಿ ಕಡೆಯ ಕೊಳವೆಬಾವಿ ನೀರು ಒಸಡನ್ನೂ ಕೆಡಿಸುತ್ತದೆಯೇ? ದಾವಣಗೆರೆಯ ದಂತ ವಿಜ್ಞಾನ ಮಹಾವಿದ್ಯಾಲಯದ ಕೆ. ಎಲ್. ವಂದನಾ ಮತ್ತು ಸಹೋದ್ಯೋಗಿ 2007ರಲ್ಲಿ ಪ್ರಕಟಿಸಿದ ಅಧ್ಯಯನವು ಹೆಚ್ಚು ಫ್ಲೋರೈಡ್ ಇರುವ ಪ್ರದೇಶದ ಜನರಲ್ಲಿ ಒಸಡುರೋಗದ ಹೊರೆಯನ್ನು ಗುರುತಿಸಿ, ಎರಡಕ್ಕೂ ಸಂಬಂಧವಿದೆ ಎಂದಿತು. ನಮ್ಮ ಸೀಮೆಗೆ ತೀರ ಹತ್ತಿರದ ಈ ಕೆಲಸವನ್ನು ಮುಂದುವರಿಸಬೇಕು. ಕುಳಿಬಿದ್ದ ದಂತಕವಚದ ಮೇಲೆ ಪಾಚಿ ಸುಲಭವಾಗಿ ನಿಲ್ಲಬಹುದು. ಆದರೆ ಅದೇ ಹಳ್ಳಿಗಳಲ್ಲಿ ಬಡತನ, ತಂಬಾಕು, ದೂರದ ಆಸ್ಪತ್ರೆ ಇವೂ ಇರುವುದರಿಂದ ಒಮ್ಮೆ ಮಾಡಿದ ಎಣಿಕೆ ಕಾರಣವನ್ನು ಬಿಡಿಸಿ ತೋರಿಸಲಾರದು.

ತುಂಗಭದ್ರೆಯ ದಡದ ಹಡಗಲಿ ಹಳ್ಳಿಗಳನ್ನೂ ಕೊಳವೆಬಾವಿಯನ್ನೇ ನಂಬಿದ ಕೂಡ್ಲಿಗಿ ಹಳ್ಳಿಗಳನ್ನೂ ಹೋಲಿಸಿ ನೋಡುವುದು ಒಂದು ದಾರಿ. ಅದರಲ್ಲಿ ಒಂದು ಎಚ್ಚರ ಅಗತ್ಯ. ಹಲ್ಲಿನ ಕಲೆ ಮೂಡುವುದು ಸುಮಾರು ಎಂಟು ವರ್ಷದೊಳಗೆ, ಕವಚ ರೂಪುಗೊಳ್ಳುವಾಗ. ಹಾಗಾಗಿ ಇಂದಿನ ನೀರಿನ ಮಾದರಿಯ ಜೊತೆಗೆ ಆ ವ್ಯಕ್ತಿ ಬಾಲ್ಯದಲ್ಲಿ ಯಾವ ಊರಿನ ನೀರು ಕುಡಿದರೆಂಬುದನ್ನೂ ಬರೆದುಕೊಳ್ಳಬೇಕು. ಬೇರೆ ಊರಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ.

6. ತಪಾಸಣೆಗೆ ಮೂರು ಸಲಹೆಗಳು

ಮೂವತ್ತು ದಾಟಿದವರ ಬಿಪಿ, ಶುಗರ್ ನೋಡುವ ಸರ್ಕಾರಿ ತಪಾಸಣೆಯಲ್ಲಿ ಬಾಯಿ ಕ್ಯಾನ್ಸರಿಗಾಗಿ ಬಾಯಿ ತೆರೆಸಿ ನೋಡುವುದೂ ಸೇರಿದೆ. ತೆರೆದ ಆ ಬಾಯಲ್ಲೇ ಒಸಡನ್ನೂ ನೋಡಬಹುದು. ಆಶಾ ಕಾರ್ಯಕರ್ತೆಯರ ಪಟ್ಟಿಗೆ ಮೂರು ಪ್ರಶ್ನೆ ಸೇರಿದರೆ ಸಾಕು: ಉಜ್ಜುವಾಗ ರಕ್ತ ಬರುತ್ತದೆಯೇ, ಹಲ್ಲು ಅಲ್ಲಾಡುತ್ತದೆಯೇ, ಹಲ್ಲುಗಳ ನಡುವೆ ಹೊಸದಾಗಿ ಸಂದಿ ಬಿಟ್ಟಿದೆಯೇ. ಬೀಡಿ ಸೇದುವವರಲ್ಲಿ ರಕ್ತಸ್ರಾವ ಕಡಿಮೆಯಾಗಿ ರೋಗ ಮರೆಯಲ್ಲಿ ಬೆಳೆಯುವುದರಿಂದ ಮೊದಲ ಪ್ರಶ್ನೆಯೊಂದನ್ನೇ ನಂಬುವಂತಿಲ್ಲ.

ಎರಡನೆಯದು, ಹಲ್ಲು ಅಲ್ಲಾಡುತ್ತದೆಂದು ಬಂದವರಿಗೆ ಶುಗರ್ ಪರೀಕ್ಷೆ ಮಾಡಿಸುವುದು. ಶುಗರ್ ಇರುವವರನ್ನು ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗಕ್ಕೆ ಕಳಿಸುವುದು. ‘ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ’ ಎಂಬ ಭಯವನ್ನು ಅಲ್ಲೇ ನಿವಾರಿಸಬೇಕು. ಮೂಳೆ ಮೊದಲೇ ಸವೆದಿರುತ್ತದೆ. ಗಟ್ಟಿ ಪಾಚಿ ಹಲ್ಲುಗಳನ್ನು ಒಂದಕ್ಕೊಂದು ಹಿಡಿದುಕೊಂಡಿದ್ದರಿಂದ ಅದು ಗೊತ್ತಾಗಿರುವುದಿಲ್ಲ, ಅಷ್ಟೆ.

ಮೂರನೆಯದು ಗುಳೆಯ ಲೆಕ್ಕ. ಒಸಡು ಚಿಕಿತ್ಸೆ ಒಂದು ಭೇಟಿಗೆ ಮುಗಿಯುವುದಿಲ್ಲ. ಮೂರು ತಿಂಗಳಿಗೊಮ್ಮೆ ಮರುಪರೀಕ್ಷೆ ಬೇಕು. ಕಬ್ಬು ಕಡಿಯಲು, ಕಾಫಿ ತೋಟದ ಕೆಲಸಕ್ಕೆ ಊರು ಬಿಡುವ ಕುಟುಂಬಗಳಿಗೆ ಹೊರಡುವ ಮುನ್ನ ಒಮ್ಮೆ, ಮರಳಿದ ಮೇಲೆ ಒಮ್ಮೆ ಎಂದು ಶಿಬಿರ ನಿಗದಿಯಾದರೆ ಮಾತ್ರ ಚಿಕಿತ್ಸೆ ದಕ್ಕುತ್ತದೆ.

7. ಉಪಸಂಹಾರ

ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ರಾಜ್ಯ ಸರ್ಕಾರದ ‘ದಂತ ಭಾಗ್ಯ’ ಯೋಜನೆ ಉಚಿತ ಹಲ್ಲುಸೆಟ್ ಕೊಡುತ್ತದೆ. ಅದು ಒಳ್ಳೆಯದೇ. ಆದರೆ ಹಲ್ಲು ಉದುರುವ ಹೊತ್ತಿಗೆ ಒಸಡಿನ ಉರಿಯೂತ ಹತ್ತಾರು ವರ್ಷ ದೇಹವನ್ನು ಕಾಡಿರುತ್ತದೆ. ರೋಗಾಣು ಎಲ್ಲರ ಬಾಯಲ್ಲೂ ಇರಬಹುದು. ಅದನ್ನು ರೋಗವಾಗಿ ಮಾಡುವ ಸಕ್ಕರೆ ಕಾಯಿಲೆ ಮತ್ತು ತಂಬಾಕುಗಳನ್ನು ಹಿಡಿದು ನಿಲ್ಲಿಸುವುದು ನಮ್ಮ ಕೈಯಲ್ಲಿದೆ. ಈ ಐದು ತಾಲ್ಲೂಕುಗಳ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಒಸಡು ಮತ್ತು ಶುಗರಿನ ವಿವರ ಒಂದೇ ಕಾರ್ಡಿನಲ್ಲಿ ದಾಖಲಾಗಲಿ. ಚಿಕಿತ್ಸೆಗೂ ಮುಂದಿನ ಸಂಶೋಧನೆಗೂ ಅದೇ ಮೊದಲ ಹೆಜ್ಜೆ.