ಡಿಸ್ನಿ ಉದ್ಯಾನಗಳು: ಅಭಿಮಾನ ಹೆಚ್ಚೋ, ಟಿಕೆಟ್ ದರ ಹೆಚ್ಚೋ?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಅನಾಹೈಮ್ ನಗರದಲ್ಲಿ 1955ರ ಜುಲೈ 17ರಂದು ವಾಲ್ಟ್ ಡಿಸ್ನಿ ಅವರ ಕನಸಿನ ಕೂಸಾದ ‘ಡಿಸ್ನಿಲ್ಯಾಂಡ್’ ಉದ್ಘಾಟನೆಗೊಂಡಾಗ ವಯಸ್ಕರ ಪ್ರವೇಶ ಶುಲ್ಕ ಒಂದು ಡಾಲರ್, ಮಕ್ಕಳಿಗೆ 50 ಸೆಂಟ್. ಎಪ್ಪತ್ತು ವರ್ಷಗಳ ಬಳಿಕ, 2025ರ ಅಕ್ಟೋಬರ್‌ನಲ್ಲಿ ಪ್ರಕಟವಾದ ದರಪಟ್ಟಿಯಂತೆ, ಅದೇ ಉದ್ಯಾನದಲ್ಲಿ ಅತಿ ಹೆಚ್ಚು ಬೇಡಿಕೆಯ ದಿನಗಳ ಒಂದು ದಿನದ ಟಿಕೆಟ್‌ಗೆ 224 ಡಾಲರ್. ನಮ್ಮ ಲೆಕ್ಕದಲ್ಲಿ ಸುಮಾರು 20 ಸಾವಿರ ರೂಪಾಯಿ. ಊಟ, ವಸತಿ, ವಾಹನ ನಿಲುಗಡೆ ಎಲ್ಲವೂ ಪ್ರತ್ಯೇಕ.

ಜೀವಮಾನದಲ್ಲಿ ಒಮ್ಮೆ ಹೋಗಿಬರುವ ಪ್ರವಾಸಿಗೆ ಈ ದರ ಒಂದು ಬಾರಿಯ ಹೊರೆ. ವರ್ಷಕ್ಕೆ ಹತ್ತಾರು ಬಾರಿ ಹೋಗುವ ಕಟ್ಟಾ ಅಭಿಮಾನಿಗೆ ಹಾಗಲ್ಲ. ಬಾಲ್ಯದಿಂದ ತನ್ನದೆಂದು ಭಾವಿಸಿದ ಜಾಗವೊಂದು ಕೈಗೆಟುಕದಂತಾಗುತ್ತಿದೆಯೇ ಎಂಬುದು ಆತನ ಪ್ರಶ್ನೆ. ಹಣ ಹೆಚ್ಚು ಕೊಟ್ಟರೂ ನೆಮ್ಮದಿ ಸಿಗದಷ್ಟು ಜನಸಂದಣಿ ಎಂಬುದು ಆತನ ದೂರು. ಈ ತಾಕಲಾಟದ ಹಿನ್ನೆಲೆ ಏನು? ಒಂದು ನೋಟ ಇಲ್ಲಿದೆ.

ಯಾರು ಈ ಅಭಿಮಾನಿಗಳು?

ಅಮೆರಿಕದಲ್ಲಿ ಡಿಸ್ನಿಗೆ ಎರಡು ನೆಲೆಗಳಿವೆ. ಒಂದು ಅನಾಹೈಮ್‌ನ ಡಿಸ್ನಿಲ್ಯಾಂಡ್. ಇನ್ನೊಂದು ಫ್ಲೋರಿಡಾ ರಾಜ್ಯದ ಒರ್ಲ್ಯಾಂಡೊ ಬಳಿ 1971ರ ಅಕ್ಟೋಬರ್ 1ರಂದು ಆರಂಭಗೊಂಡ, ನಾಲ್ಕು ಥೀಮ್ ಪಾರ್ಕ್‌ಗಳ ‘ವಾಲ್ಟ್ ಡಿಸ್ನಿ ವರ್ಲ್ಡ್’. ಎರಡರ ಅಭಿಮಾನಿಗಳ ಸ್ವಭಾವ ಬೇರೆ ಬೇರೆ. ಡಿಸ್ನಿಲ್ಯಾಂಡ್‌ನ ಅಭಿಮಾನಿಗಳಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಸ್ಥಳೀಯರೇ ಹೆಚ್ಚು. ಸಂಜೆ ಕಚೇರಿ ಮುಗಿಸಿ ಎರಡು ಗಂಟೆ ಅಡ್ಡಾಡಿ ಬರುವುದು ಅವರ ರೂಢಿ. ಫ್ಲೋರಿಡಾಕ್ಕೆ ಬರುವವರಲ್ಲಿ ಬಹುತೇಕರು ದೂರದೂರುಗಳಿಂದ ವಾರಗಟ್ಟಲೆ ರಜೆ ಹಾಕಿ ಬರುವ ಕುಟುಂಬಗಳು.

ಇವರಲ್ಲಿ ‘ಡಿಸ್ನಿ ವೆಕೇಶನ್ ಕ್ಲಬ್’ ಸದಸ್ಯರದ್ದು ವಿಶೇಷ ವರ್ಗ. 1991ರಲ್ಲಿ ಆರಂಭವಾದ ಈ ಯೋಜನೆಯಡಿ ದಶಕಗಳ ಕಾಲ ವರ್ಷಕ್ಕಿಷ್ಟು ದಿನ ತಂಗುವ ಹಕ್ಕನ್ನು ಮುಂಗಡವಾಗಿ ಖರೀದಿಸಬಹುದು. ಮೊದಲ ರೆಸಾರ್ಟ್‌ನ ಒಪ್ಪಂದದ ಅವಧಿ 2042ರವರೆಗಿದೆ. ಆದರೆ ಒಪ್ಪಂದ ಕೊಠಡಿಗಷ್ಟೇ ಅನ್ವಯ. ಉದ್ಯಾನದ ಟಿಕೆಟ್ ಅಂದಂದಿನ ದರದಲ್ಲೇ ಕೊಳ್ಳಬೇಕು. ಕೊಠಡಿಯ ದರ ಏರದಂತೆ ಕಟ್ಟಿಹಾಕಿದವರಿಗೂ ಟಿಕೆಟ್ ದರ ಮಾತ್ರ ಕೈಗೆ ಸಿಕ್ಕಿಲ್ಲ.

ಕೂಪನ್ ಪುಸ್ತಕದಿಂದ ಒಂದೇ ಟಿಕೆಟ್‌ಗೆ

ಆರಂಭದ ದಿನಗಳಲ್ಲಿ ಪ್ರವೇಶ ಶುಲ್ಕ ಅಗ್ಗವಾಗಿದ್ದರೂ ಪ್ರತಿ ಆಟಕ್ಕೆ ಬೇರೆ ಹಣ ಕೊಡಬೇಕಿತ್ತು. 1955ರಲ್ಲೇ ಕೂಪನ್ ಪುಸ್ತಕಗಳು ಬಂದವು. ಸಾಮಾನ್ಯ ಆಟಗಳಿಗೆ ‘ಎ’ ಕೂಪನ್. ಅಲ್ಲಿಂದ ದರ್ಜೆ ಏರುತ್ತ, 1959ರಿಂದ ಅತಿ ರೋಮಾಂಚಕ ಆಟಗಳಿಗೆ ‘ಇ’ ಕೂಪನ್ ಜಾರಿಗೆ ಬಂತು. ಈ ‘ಇ-ಟಿಕೆಟ್’ ಎಂಬ ಮಾತು ಅಮೆರಿಕನ್ನರ ಆಡುನುಡಿಯಲ್ಲಿ ಎಷ್ಟು ಬೆರೆಯಿತೆಂದರೆ, 1983ರಲ್ಲಿ ಬಾಹ್ಯಾಕಾಶಕ್ಕೆ ಜಿಗಿದ ಆ ದೇಶದ ಮೊದಲ ಮಹಿಳಾ ಗಗನಯಾತ್ರಿ ಸ್ಯಾಲಿ ರೈಡ್ ತಮ್ಮ ಅನುಭವವನ್ನು ಇ-ಟಿಕೆಟ್‌ಗೆ ಹೋಲಿಸಿದ್ದರು.

1982ರಲ್ಲಿ ಕೂಪನ್ ಪದ್ಧತಿ ಕೊನೆಗೊಂಡಿತು. ಒಮ್ಮೆ ಹಣ ಕೊಟ್ಟು ಒಳಹೊಕ್ಕರೆ ಎಲ್ಲ ಆಟಗಳೂ ಮುಕ್ತ. ಸಾಲಿನಲ್ಲಿ ನಿಲ್ಲುವ ತಾಳ್ಮೆಯೊಂದೇ ಮಾನದಂಡ. ಅದೇ ದಶಕದಲ್ಲಿ ಬೇರೂರಿದ ವಾರ್ಷಿಕ ಪಾಸ್ ಅಭಿಮಾನಿಗಳ ದೊಡ್ಡ ಸಮುದಾಯವನ್ನೇ ಹುಟ್ಟುಹಾಕಿತು. ಶ್ರೀಮಂತ, ಬಡವ ಎನ್ನದೆ ಎಲ್ಲರೂ ಒಂದೇ ಸಾಲಿನಲ್ಲಿ ನಿಂತ ಆ ಕಾಲವನ್ನೇ ಹಳೆಯ ಅಭಿಮಾನಿಗಳು ಇಂದಿಗೂ ನೆನೆಯುವುದು.

ಸಾಲಿಗೂ ಬೆಲೆ ಬಂತು

1999ರಲ್ಲಿ ‘ಫಾಸ್ಟ್‌ಪಾಸ್’ ಎಂಬ ವ್ಯವಸ್ಥೆ ಬಂತು. ಯಂತ್ರದಿಂದ ಕಾಗದದ ಚೀಟಿ ಪಡೆದು, ಅದರಲ್ಲಿ ನಮೂದಿಸಿದ ಹೊತ್ತಿಗೆ ಮರಳಿದರೆ ಕಡಿಮೆ ಕಾಯುವಿಕೆಯಲ್ಲಿ ಆಟ ಸಿಗುತ್ತಿತ್ತು. ಇದು ಸಂಪೂರ್ಣ ಉಚಿತ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣ ಉದ್ಯಾನಗಳು ಮುಚ್ಚಿದಾಗ ಈ ಸೌಲಭ್ಯವೂ ನಿಂತಿತು. ಮತ್ತೆ ಉಚಿತವಾಗಿ ಬರಲಿಲ್ಲ.

2021ರ ಅಕ್ಟೋಬರ್‌ನಲ್ಲಿ ಫ್ಲೋರಿಡಾದಲ್ಲಿ ‘ಜೀನಿ ಪ್ಲಸ್’ ಎಂಬ ಶುಲ್ಕಸಹಿತ ಸೇವೆ ಆರಂಭವಾಯಿತು. ತಲೆಗೆ ದಿನಕ್ಕೆ 15 ಡಾಲರ್. ಅತಿ ಜನಪ್ರಿಯ ಆಟಗಳಿಗೆ ಮಾತ್ರ ಬಿಡಿಬಿಡಿಯಾಗಿ ಬೇರೆ ಶುಲ್ಕ. 2024ರ ಜುಲೈನಲ್ಲಿ ಇದು ‘ಲೈಟ್ನಿಂಗ್ ಲೇನ್’ ಪಾಸ್‌ಗಳಾಗಿ ಹೆಸರು ಬದಲಿಸಿಕೊಂಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಪ್ರೀಮಿಯರ್ ಪಾಸ್’ ಬಂತು. ಫ್ಲೋರಿಡಾದಲ್ಲಿ ಅದರ ಆರಂಭಿಕ ದರ ಉದ್ಯಾನ ಹಾಗೂ ದಿನಾಂಕಕ್ಕೆ ಅನುಗುಣವಾಗಿ ತಲೆಗೆ 129ರಿಂದ 449 ಡಾಲರ್. ಪ್ರವೇಶ ಟಿಕೆಟ್ ಇದರಲ್ಲಿ ಸೇರಿಲ್ಲ! ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ.

ಹೀಗೆ 1982ರಲ್ಲಿ ಮೂಲೆ ಸೇರಿದ್ದ ಇ-ಟಿಕೆಟ್ ಮತ್ತೊಂದು ರೂಪದಲ್ಲಿ ಮರಳಿ ಬಂದಿದೆ. ಅಂದು ಆಟಕ್ಕೆ ಬೆಲೆ ಇತ್ತು, ಇಂದು ಕಾಯದಿರುವುದಕ್ಕೆ ಬೆಲೆ ಬಂದಿದೆ.

ಜನಸಂದಣಿಯ ಲೆಕ್ಕಾಚಾರ

ದರ ಏರಿದರೆ ಜನ ಕಡಿಮೆಯಾಗಬೇಕಲ್ಲವೇ? ಥೀಮ್ಡ್ ಎಂಟರ್‌ಟೈನ್‌ಮೆಂಟ್ ಅಸೋಸಿಯೇಷನ್ ಮತ್ತು ಎಇಕಾಮ್ ಸಂಸ್ಥೆಗಳ ಅಂದಾಜಿನಂತೆ ಫ್ಲೋರಿಡಾದ ‘ಮ್ಯಾಜಿಕ್ ಕಿಂಗ್‌ಡಮ್’ ಉದ್ಯಾನಕ್ಕೆ 2019ರಲ್ಲಿ ಸುಮಾರು 2.1 ಕೋಟಿ ಮಂದಿ ಭೇಟಿ ನೀಡಿದ್ದರು. 2023ರಲ್ಲಿ ಈ ಸಂಖ್ಯೆ ಸುಮಾರು 1.77 ಕೋಟಿ. ಸಂಖ್ಯೆ ಇಳಿದಿದ್ದರೂ ‘ಸಾಲು ಕರಗುತ್ತಿಲ್ಲ’ ಎಂಬ ದೂರು ಮಾತ್ರ ಇಳಿದಿಲ್ಲ.

ಇದಕ್ಕೆ ಕಾರಣ ಸಾಲುಗಳ ವಿಭಜನೆಯಲ್ಲಿದೆ. ಒಂದು ಉದಾಹರಣೆ ನೋಡಿ. ಗಂಟೆಗೆ 2,000 ಮಂದಿಯನ್ನು ಕೂರಿಸುವ ಸಾಮರ್ಥ್ಯದ ಆಟವೊಂದಿದೆ ಎಂದುಕೊಳ್ಳೋಣ. ಒಂದೇ ಸಾಲಿದ್ದರೆ 600 ಮಂದಿಯ ಸಾಲು 18 ನಿಮಿಷದಲ್ಲಿ ಕರಗುತ್ತದೆ. ಆದರೆ 1,400 ಸ್ಥಾನಗಳು ಹಣ ತೆತ್ತವರ ಸಾಲಿಗೆ ಹೋದರೆ ಸಾಮಾನ್ಯ ಸಾಲಿಗೆ ಉಳಿಯುವುದು ಗಂಟೆಗೆ 600 ಸ್ಥಾನ. ಅಷ್ಟೇ ಉದ್ದದ ಸಾಲು ಕರಗಲು ಈಗ ಪೂರ್ತಿ ಒಂದು ಗಂಟೆ ಬೇಕು. ಸಾಲು ನಿಧಾನವಾದಷ್ಟೂ ಪಾಸ್ ಕೊಳ್ಳುವ ಮನಸ್ಸು ಹೆಚ್ಚುತ್ತದೆ. ಪಾಸ್ ಕೊಂಡವರು ಹೆಚ್ಚಿದಷ್ಟೂ ಸಾಲು ಇನ್ನಷ್ಟು ನಿಧಾನವಾಗುತ್ತದೆ. ತಿರುಪತಿಯಲ್ಲಿ ವಿಶೇಷ ಪ್ರವೇಶದ ಸಾಲು ಸರಾಗವಾಗಿ ಸಾಗುವುದನ್ನು ಸರ್ವದರ್ಶನದ ಸಾಲಿನಲ್ಲಿ ನಿಂತು ನೋಡಿದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ.

ಪಾಸ್ ಇದ್ದರೂ ಬಾಗಿಲು ಮುಚ್ಚಿತ್ತು

ಅಭಿಮಾನಿಗಳನ್ನು ಹೆಚ್ಚು ನೋಯಿಸಿದ್ದು ವಾರ್ಷಿಕ ಪಾಸ್‌ನ ಬದಲಾವಣೆ. 2021ರ ಜನವರಿಯಲ್ಲಿ ಡಿಸ್ನಿಲ್ಯಾಂಡ್ ತನ್ನ ವಾರ್ಷಿಕ ಪಾಸ್ ಯೋಜನೆಯನ್ನು ರದ್ದುಪಡಿಸಿತು. ಆಗಸ್ಟ್‌ನಲ್ಲಿ ಅದರ ಬದಲು ‘ಮ್ಯಾಜಿಕ್ ಕೀ’ ಬಂತು. ದರ 399 ಡಾಲರ್‌ನಿಂದ 1,399 ಡಾಲರ್. ಪಾಸ್ ಇದ್ದರೂ ದಿನ ಮುಂಗಡವಾಗಿ ಕಾಯ್ದಿರಿಸಬೇಕು ಎಂಬ ಷರತ್ತು ಇದರೊಂದಿಗೇ ಬಂತು. ಮನಸ್ಸಾದಾಗ ಹೋಗಿಬರುವ ಹಳೆಯ ಸುಖ ತಪ್ಪಿತು.

ಯಾವ ದಿನವೂ ನಿರ್ಬಂಧವಿಲ್ಲ ಎಂಬ ಭರವಸೆಯೊಂದಿಗೆ ಮಾರಾಟವಾದ ಅತಿ ದುಬಾರಿ ಪಾಸ್ ಹೊಂದಿದ್ದವರಿಗೂ ಕೆಲವು ದಿನ ಕಾಯ್ದಿರಿಸುವಿಕೆ ಸಿಗದಿದ್ದಾಗ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಆ ಪಾಸ್ ಹೊಂದಿದ್ದವರ ಪರವಾಗಿ ಹೂಡಿದ್ದ ದಾವೆಯನ್ನು ಕಂಪನಿ 2023ರಲ್ಲಿ 95 ಲಕ್ಷ ಡಾಲರ್ ಪರಿಹಾರ ನೀಡಲು ಒಪ್ಪಿ ಇತ್ಯರ್ಥಪಡಿಸಿಕೊಂಡಿತು. ಫ್ಲೋರಿಡಾದಲ್ಲೂ ಬಹುತೇಕ ವಾರ್ಷಿಕ ಪಾಸ್‌ಗಳ ಹೊಸ ಮಾರಾಟ 2021ರ ನವೆಂಬರ್‌ನಿಂದ 2023ರ ಏಪ್ರಿಲ್‌ವರೆಗೆ ಸ್ಥಗಿತಗೊಂಡಿತ್ತು.

ಈ ನಡುವೆ 2022ರ ಆಗಸ್ಟ್‌ನ ಆರ್ಥಿಕ ವರದಿಯಲ್ಲಿ ಕಂಪನಿಯು ಡಿಸ್ನಿಲ್ಯಾಂಡ್‌ಗೆ ಬರುವವರ ‘ಮಿಶ್ರಣ ಪ್ರತಿಕೂಲ’ವಾಗಿದೆ ಎಂದು ನಮೂದಿಸಿತು. ಪಾಸ್ ಹಿಡಿದು ಪದೇ ಪದೇ ಬರುವವರು ಒಂದು ಭೇಟಿಗೆ ಮಾಡುವ ಖರ್ಚು ಕಡಿಮೆ, ದೂರದಿಂದ ಅಪರೂಪಕ್ಕೆ ಬರುವವರು ಮಾಡುವ ಖರ್ಚು ಹೆಚ್ಚು ಎಂಬುದು ಇದರ ತಾತ್ಪರ್ಯ. ಲೆಕ್ಕಪತ್ರದ ಭಾಷೆಯಲ್ಲಿ ಇದು ಸರಳ ಸಂಗತಿಯೇ ಇರಬಹುದು. ಆದರೆ ತಮ್ಮ ನಿಷ್ಠೆಯೇ ಕಂಪನಿಗೆ ಪ್ರತಿಕೂಲವೆಂದು ಓದಿದ ಅಭಿಮಾನಿಗಳಿಗೆ ಅದು ಮುಖಕ್ಕೆ ಹೊಡೆದಂತಾಯಿತು.

ಕಂಪನಿಯ ವಾದವೇನು?

ಡಿಸ್ನಿಯ ವಾದಕ್ಕೂ ತೂಕವಿದೆ. 2016ರಿಂದ ಒಂದು ದಿನದ ಟಿಕೆಟ್‌ಗೆ ಬೇಡಿಕೆಗೆ ತಕ್ಕ ದರ ಜಾರಿಯಲ್ಲಿದೆ. ಆ ವರ್ಷ ಡಿಸ್ನಿಲ್ಯಾಂಡ್ ಟಿಕೆಟ್ ದರ ದಿನಕ್ಕೆ ತಕ್ಕಂತೆ 95, 105 ಹಾಗೂ 119 ಡಾಲರ್ ಆಗಿತ್ತು. ರಜಾದಿನದ ದಟ್ಟಣೆಯನ್ನು ಬಿಡುವಿನ ದಿನಗಳಿಗೆ ಹಂಚುವುದೇ ಇದರ ಉದ್ದೇಶವೆಂದು ಕಂಪನಿ ಹೇಳುತ್ತದೆ. ಅತಿ ಕಡಿಮೆ ಬೇಡಿಕೆಯ ದಿನಗಳ 104 ಡಾಲರ್ ದರವನ್ನು 2025ರ ಪರಿಷ್ಕರಣೆಯಲ್ಲೂ ಏರಿಸಲಿಲ್ಲ ಎಂಬುದು ಗಮನಾರ್ಹ.

ಇನ್ನೊಂದೆಡೆ, ಉದ್ಯಾನಗಳು ಇಂದು ಇಡೀ ಸಂಸ್ಥೆಯ ಬೆನ್ನೆಲುಬು. 2024ರ ಹಣಕಾಸು ವರ್ಷದಲ್ಲಿ ಉದ್ಯಾನ, ಹಡಗುಯಾನ ಮತ್ತು ಸರಕು ಮಾರಾಟ ಸೇರಿದ ವಿಭಾಗ ಸುಮಾರು 930 ಕೋಟಿ ಡಾಲರ್ ನಿರ್ವಹಣಾ ಲಾಭ ಗಳಿಸಿತು. ಇದು ಕಂಪನಿಯ ಎಲ್ಲ ವಿಭಾಗಗಳ ಒಟ್ಟು ಲಾಭದ ಅರ್ಧಕ್ಕಿಂತ ಹೆಚ್ಚು. ಈ ವಿಭಾಗದಲ್ಲಿ ಹತ್ತು ವರ್ಷಗಳಲ್ಲಿ 6,000 ಕೋಟಿ ಡಾಲರ್ ಹೂಡುವುದಾಗಿ ಕಂಪನಿ 2023ರಲ್ಲಿ ಘೋಷಿಸಿದೆ.

ಹಾಗೆಂದು ತಪ್ಪೇ ಆಗಿಲ್ಲವೆಂದು ಕಂಪನಿಯೂ ಹೇಳಿಲ್ಲ. 2022ರ ನವೆಂಬರ್‌ನಲ್ಲಿ ಮುಖ್ಯ ಕಾರ್ಯನಿರ್ವಹಣಾಧಿಕಾರಿಯಾಗಿ ಮರಳಿದ ಬಾಬ್ ಐಗರ್, ಲಾಭ ಹೆಚ್ಚಿಸುವ ಹುಮ್ಮಸ್ಸಿನಲ್ಲಿ ಕೆಲವು ದರಗಳ ವಿಷಯದಲ್ಲಿ ತುಸು ಅತಿಯಾಗಿರಬಹುದೆಂದು 2023ರ ಮಾರ್ಚ್‌ನಲ್ಲಿ ಒಪ್ಪಿಕೊಂಡರು. ಅದೇ ವರ್ಷದ ಜನವರಿಯಲ್ಲಿ ಫ್ಲೋರಿಡಾದ ಡಿಸ್ನಿ ಹೋಟೆಲ್‌ಗಳಲ್ಲಿ ತಂಗುವವರಿಗೆ ರಾತ್ರಿ ವಾಹನ ನಿಲುಗಡೆ ಮತ್ತೆ ಉಚಿತವಾಯಿತು. ಆದರೆ 2022ರ ಆರಂಭದಲ್ಲಿ ನಿಂತ ಉಚಿತ ವಿಮಾನನಿಲ್ದಾಣ ಬಸ್ ಮರಳಲಿಲ್ಲ.

ಬಿಡಲೂ ಆಗದು, ಭರಿಸಲೂ ಆಗದು

ಅಭಿಮಾನಿಗಳು ಕಂಡುಕೊಂಡ ದಾರಿಗಳು ಹಲವು. ಪ್ರತಿ ವರ್ಷದ ಪ್ರವಾಸವನ್ನು ಎರಡು-ಮೂರು ವರ್ಷಕ್ಕೊಮ್ಮೆಗೆ ಇಳಿಸುವುದು ಒಂದು. ಶಾಲೆ ನಡೆಯುವ ದಿನಗಳಲ್ಲಿ, ವಾರದ ನಡುವೆ ಹೋಗುವುದು ಇನ್ನೊಂದು. 2025ರ ಮೇ 22ರಂದು ಒರ್ಲ್ಯಾಂಡೊದಲ್ಲೇ ಆರಂಭವಾದ ಯೂನಿವರ್ಸಲ್ ಸಂಸ್ಥೆಯ ‘ಎಪಿಕ್ ಯೂನಿವರ್ಸ್’ ಕಡೆಗೆ ಹೊರಳುವ ಆಯ್ಕೆಯೂ ಇದೆ. ಜಪಾನಿನ ‘ಟೋಕಿಯೊ ಡಿಸ್ನಿಲ್ಯಾಂಡ್’ ಮತ್ತೊಂದು ಆಕರ್ಷಣೆ. ಅಲ್ಲಿನ ಓರಿಯಂಟಲ್ ಲ್ಯಾಂಡ್ ಕಂಪನಿ ಪರವಾನಗಿ ಪಡೆದು ನಡೆಸುವ ಈ ಉದ್ಯಾನದಲ್ಲಿ 2023ರ ಅಕ್ಟೋಬರ್‌ನಿಂದ ವಯಸ್ಕರ ಒಂದು ದಿನದ ಟಿಕೆಟ್ 7,900ರಿಂದ 10,900 ಯೆನ್. ಅಮೆರಿಕದ ದರದ ಅರ್ಧದ ಆಸುಪಾಸು. ವಿಮಾನದ ಖರ್ಚು ಮಾತ್ರ ಬೇರೆ.

ಆದರೂ ಪೂರ್ತಿ ಬಿಟ್ಟುಬಿಡುವುದು ಸುಲಭವಲ್ಲ. ಲೆಂಡಿಂಗ್‌ಟ್ರೀ ಎಂಬ ಹಣಕಾಸು ಸಂಸ್ಥೆ 2024ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಡಿಸ್ನಿ ಪ್ರವಾಸ ಮಾಡಿದವರ ಪೈಕಿ ಶೇ. 24 ಮಂದಿ ಅದಕ್ಕಾಗಿ ಸಾಲ ಮಾಡಿದ್ದಾಗಿ ತಿಳಿಸಿದ್ದರು. 18 ವರ್ಷದೊಳಗಿನ ಮಕ್ಕಳಿರುವ ಪೋಷಕರಲ್ಲಿ ಈ ಪ್ರಮಾಣ ಶೇ. 45. ಹೀಗೆ ಸಾಲ ಮಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮಗೆ ಪಶ್ಚಾತ್ತಾಪವಿಲ್ಲ ಎಂದರು! ಮಕ್ಕಳ ಬಾಲ್ಯ ಮತ್ತೆ ಬಾರದು ಎಂಬ ಭಾವನೆಯ ಮುಂದೆ ಲೆಕ್ಕದ ಪುಸ್ತಕ ಸೋಲುತ್ತದೆ. ಕಂಪನಿಗೂ ಇದು ಗೊತ್ತು.

ನಮ್ಮವರಿಗೆ ಏನು ಪಾಠ?

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳನ್ನು ನೋಡಲು ಇಲ್ಲಿಂದ ಹೋಗುವ ಹಿರಿಯರ ಪ್ರವಾಸಪಟ್ಟಿಯಲ್ಲೂ ಡಿಸ್ನಿ ಇದ್ದೇ ಇರುತ್ತದೆ. ದಿನಾಂಕ ನೋಡಿ ಟಿಕೆಟ್ ಕೊಂಡರೆ ಡಿಸ್ನಿಲ್ಯಾಂಡ್‌ನಲ್ಲಿ ತಲೆಗೆ 120 ಡಾಲರ್‌ವರೆಗೂ ಉಳಿಸಬಹುದು. ಮೂರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ.

ಈ ಪದ್ಧತಿ ನಮಗೂ ಹೊಸತೇನಲ್ಲ. 2005ರಲ್ಲಿ ಬಿಡದಿ ಬಳಿ ಆರಂಭವಾದ ವಂಡರ್‌ಲಾದಲ್ಲೂ ವಾರದ ದಿನಕ್ಕೊಂದು, ವಾರಾಂತ್ಯಕ್ಕೊಂದು ದರವಿದೆ. ಸಾಲು ತಪ್ಪಿಸಲು ಬಯಸುವವರಿಗೆ ಹೆಚ್ಚು ಬೆಲೆಯ ‘ಫಾಸ್ಟ್‌ಟ್ರ್ಯಾಕ್’ ಟಿಕೆಟ್ ಕೂಡ ಲಭ್ಯ.

1971ರಲ್ಲಿ ಫ್ಲೋರಿಡಾದ ಪ್ರವೇಶ ಶುಲ್ಕ 3.50 ಡಾಲರ್. ಹಣದುಬ್ಬರವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಅದು ಇಂದು 30 ಡಾಲರ್‌ನ ಒಳಗಿರಬೇಕಿತ್ತು. ಅಂದು ಆಟಗಳಿಗೆ ಬೇರೆ ಶುಲ್ಕವಿತ್ತು ಎಂಬುದನ್ನು ಒಪ್ಪಿದರೂ ಉಳಿಯುವ ಅಂತರ ದೊಡ್ಡದು. ಆ ಅಂತರವನ್ನು ಇಷ್ಟು ವರ್ಷ ತುಂಬಿದ್ದು ಅಭಿಮಾನ. ಇನ್ನೆಷ್ಟು ವರ್ಷ ತುಂಬೀತು ಎಂಬುದನ್ನು ಇಂದು ಪೋಷಕರ ಕೈಹಿಡಿದು ಸಾಲಿನಲ್ಲಿ ನಿಂತಿರುವ ಮಕ್ಕಳು ನಾಳೆ ತಮ್ಮ ಸ್ವಂತ ದುಡಿಮೆಯಿಂದ ನಿರ್ಧರಿಸಲಿದ್ದಾರೆ.

ಪ್ರಮುಖ ಘಟ್ಟಗಳು

* 1955: ಡಿಸ್ನಿಲ್ಯಾಂಡ್ ಆರಂಭ
* 1971: ವಾಲ್ಟ್ ಡಿಸ್ನಿ ವರ್ಲ್ಡ್ ಆರಂಭ
* 1982: ಕೂಪನ್ ಪದ್ಧತಿ ಅಂತ್ಯ
* 1999: ಉಚಿತ ಫಾಸ್ಟ್‌ಪಾಸ್
* 2016: ಬೇಡಿಕೆಗೆ ತಕ್ಕಂತೆ ಒಂದು ದಿನದ ಟಿಕೆಟ್ ದರ
* 2020: ಕೋವಿಡ್ ಕಾರಣ ಉದ್ಯಾನಗಳು ಬಂದ್
* 2021: ಜೀನಿ ಪ್ಲಸ್, ಮ್ಯಾಜಿಕ್ ಕೀ ಜಾರಿ
* 2024: ಪ್ರೀಮಿಯರ್ ಪಾಸ್
* 2025: ಡಿಸ್ನಿಲ್ಯಾಂಡ್ ಗರಿಷ್ಠ ದರ 224 ಡಾಲರ್