ಕಿಡಿಗೊಂದು ಮಡಿಲು

ಒಲೆ ಹೊತ್ತಿಸುವುದೆಂದರೆ ಈಗ ಗುಂಡಿಯೊಂದನ್ನು ತಿರುಗಿಸಿದಷ್ಟು ಸಲೀಸು. ಬೆಂಕಿಯನ್ನು ಸಂಪಾದಿಸಬೇಕಾಗಿತ್ತು, ಕಾಪಾಡಬೇಕಾಗಿತ್ತು, ಕೆಲವೊಮ್ಮೆ ನೆರೆಮನೆಯಿಂದ ಕಡ ತರಬೇಕಾಗಿತ್ತು ಎಂದರೆ ನಮ್ಮ ಮಕ್ಕಳು ಅಡುಗೂಲಜ್ಜಿಯ ಕಥೆ ಕೇಳಿದಂತೆ ಬಾಯಿಬಿಟ್ಟು ನೋಡುತ್ತಾರೆ. ‘ಬೂದಿ ಮುಚ್ಚಿದ ಕೆಂಡ’ ಎಂಬ ಮಾತು ಪಾಠದಲ್ಲಿ ಬಂದಾಗ ಅದರ ಅರ್ಥವನ್ನು ನಾನು ತರಗತಿಯಲ್ಲಿ ಹೇಳಬಲ್ಲೆ. ಆದರೆ ಆ ಕೆಂಡವನ್ನು ಕಂಡ ಮಗು ಮೂವತ್ತರಲ್ಲಿ ಒಂದೂ ಇರುವುದಿಲ್ಲ. ಮಾತು ಉಳಿದಿದೆ, ಅದು ಹುಟ್ಟಿದ ಒಲೆ ಆರಿಹೋಗಿದೆ.

ನಮ್ಮದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸೀಮೆ. ಬಂಡೆಗಲ್ಲು, ಬಯಲು, ಕುರುಚಲು ಕಾಡು. ಈ ನೆಲದ ಚರಿತ್ರೆ ಎಂದಕೂಡಲೆ ನಾವು ಮಕ್ಕಳಿಗೆ ಹೇಳುವುದು ಕೋಟೆಗಳ ಕಥೆ. 1687ರಿಂದ ಶಿರಾ ಮೊಗಲರ ಸುಬಾ ಆದದ್ದು, 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ರಾಣಿ ವೀರಮ್ಮಾಜಿಯನ್ನು ಮಧುಗಿರಿಯ ಕೋಟೆಯಲ್ಲಿ ಸೆರೆಯಿಟ್ಟದ್ದು, 1767ರಲ್ಲಿ ಪೇಶ್ವೆ ಮಾಧವರಾಯನ ದಂಡು ಆಕೆಯನ್ನು ಬಿಡಿಸಿದ್ದು, ಇವೆಲ್ಲ ನಮಗೆ ಗೊತ್ತು. ಆದರೆ ಆ ಏಕಶಿಲೆಯ ಬೆಟ್ಟದ ಮೇಲೆ ಬೀಸುವ ಗಾಳಿಯಲ್ಲಿ ಕಾವಲುಗಾರ ತನ್ನ ಗಂಜಿಗೆ ಬೆಂಕಿಯನ್ನು ಹೇಗೆ ಹೊತ್ತಿಸಿದ? ಕುರಿಮಂದೆಯ ಹಿಂದೆ ಹೋದವನು ಅಡವಿಯ ಚಳಿಗೆ ಏನು ಮಾಡಿದ? ಅವನ ಮನೆಯಾಕೆ ಮಳೆಗಾಲದ ಬೆಳಗಿನಲ್ಲಿ ಒಲೆಗೆ ಜೀವ ತಂದದ್ದು ಯಾವುದರಿಂದ? ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ಬೆಂಕಿಕಡ್ಡಿ ಬರುವ ಮುಂಚಿನ ಸಾವಿರಾರು ವರ್ಷಗಳ ಈ ಚರಿತ್ರೆ ಅರ್ಧ ಗಿಡಗಂಟಿಗಳದ್ದು, ಇನ್ನರ್ಧ ಹೆಂಗಸರದ್ದು.

ಬೆಂಕಿ ಹುಟ್ಟಿಸುವ ಅತಿ ಹಳೆಯ ದಾರಿ ಮರಕ್ಕೆ ಮರ ಉಜ್ಜುವುದು. ಶಮೀವೃಕ್ಷದ ಮೇಲೆ ಹುಟ್ಟಿ ಬೆಳೆದ ಅಶ್ವತ್ಥದಿಂದ ಅರಣಿ ಮಾಡಬೇಕೆಂಬುದು ಶಾಸ್ತ್ರದ ಮಾತು. ಶಮಿಯೆಂದರೆ ನಮ್ಮ ಬಯಲಿನ ಬನ್ನಿಮರ, ವಿಜಯದಶಮಿಗೆ ನಾವು ಎಲೆ ಹಂಚುವ ಮರ. ಮಹಾಭಾರತದ ಯಕ್ಷಪ್ರಶ್ನೆಯ ಪ್ರಸಂಗ ಶುರುವಾಗುವುದೂ ಒಂದು ಅರಣಿಯಿಂದಲೇ. ಬ್ರಾಹ್ಮಣನೊಬ್ಬನ ಅರಣಿಯನ್ನು ಜಿಂಕೆಯೊಂದು ಕೊಂಬಿಗೆ ಸಿಕ್ಕಿಸಿಕೊಂಡು ಓಡಿತು, ಅದರ ಬೆನ್ನುಹತ್ತಿ ಹೋಗಿ ದಣಿದ ಪಾಂಡವರು ನೀರು ಹುಡುಕುತ್ತ ಆ ಕೊಳಕ್ಕೆ ಬಂದರು. ಅಷ್ಟು ದೊಡ್ಡ ಧರ್ಮಜಿಜ್ಞಾಸೆಗೆ ಕಾರಣ ಒಂದು ಮನೆಯ ಬೆಂಕಿ ತಪ್ಪಿಹೋದದ್ದು! ಬೆಂಕಿಯ ಸಾಧನ ಕಳೆದುಹೋದರೆ ಅರಸು ಮಕ್ಕಳೂ ಎದ್ದು ಓಡಬೇಕಾಗಿದ್ದ ಕಾಲ ಅದು.

ಕುರಿ ಕಾಯುವವರ ಬಳಿ ಇದ್ದದ್ದು ಅರಣಿಯಲ್ಲ, ಚಕಮಕಿ. ಈ ಮಾತು ತುರ್ಕಿಯ ಮೂಲದ್ದು, ಪಾರಸಿ, ಉರ್ದುಗಳನ್ನು ಹಾದು ಕನ್ನಡಕ್ಕೆ ಬಂದದ್ದು. ನಾನು ಚಿಕ್ಕವಳಿದ್ದಾಗ, ಅಂದರೆ 1970ರ ದಶಕದಲ್ಲಿ, ಕಂಬಳಿ ಹೊದ್ದ ಮುದುಕರ ಸೊಂಟದಲ್ಲಿ ಸಣ್ಣದೊಂದು ಚೀಲ ನೇತಾಡುತ್ತಿತ್ತು. ಅದರೊಳಗೆ ಒಂದು ಉಕ್ಕಿನ ತುಂಡು, ಒಂದು ಬೆಣಚುಕಲ್ಲು, ಬಿದಿರಿನ ಸಣ್ಣ ಕೊಳವೆಯಲ್ಲಿ ಕರಿಯಾಗಿ ಸುಟ್ಟ ಅರಳೆ. ಬೀಡಿ ಹಚ್ಚಲು ಅವರಿಗೆ ಅಷ್ಟೇ ಸಾಕಾಗಿತ್ತು. ಕಲ್ಲಿನ ಅಂಚಿಗೆ ಅರಳೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಉಕ್ಕಿನಿಂದ ಎರಡು ಏಟು ಹಾಕಿದರೆ ಕಿಡಿ ಹಾರಿ ಅರಳೆಯಲ್ಲಿ ಕೂರುತ್ತಿತ್ತು. ಕಲ್ಲಿನೊಳಗೆ ಬೆಂಕಿ ಇದೆಯೆಂದು ನಾವೆಲ್ಲ ನಂಬಿದ್ದೆವು. ನಿಜ ಬೇರೆ. ಗಟ್ಟಿಯಾದ ಬೆಣಚು ಉಕ್ಕಿನ ಕಣಗಳನ್ನು ಕೆತ್ತುತ್ತದೆ, ಆ ಕೆತ್ತುವ ಕಾವಿಗೇ ಆ ಸಣ್ಣ ಕಣ ಗಾಳಿಯಲ್ಲಿ ಉರಿಯುತ್ತದೆ. ಕಿಡಿಯೆಂದರೆ ಉರಿಯುವ ಕಬ್ಬಿಣದ ಧೂಳು.

ಆ ಉಕ್ಕೂ ಬೇರೆ ದೇಶದಿಂದಲೇ ಬರಬೇಕಾಗಿರಲಿಲ್ಲ. ಟಿಪ್ಪು 1799ರಲ್ಲಿ ಮಡಿದ ಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿ ಈ ನಾಡಿನ ಬೇಸಾಯ, ಕಸಬುಗಳನ್ನು ನೋಡಿ ಬರೆಯಲು ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ಕಳಿಸಿದ. 1800ರಲ್ಲಿ ಆತ ನಮ್ಮ ಶಿರಾ, ಮಧುಗಿರಿ, ಚನ್ನರಾಯನದುರ್ಗದ ಕಡೆ ಸುತ್ತಾಡಿದ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಇಲ್ಲಿನ ಹಳ್ಳಗಳ ಕರಿಮರಳಿನಿಂದ ಕಬ್ಬಿಣ ಕರಗಿಸುತ್ತಿದ್ದ ವಿವರವಿದೆ. ಆ ಕಬ್ಬಿಣವನ್ನು ಉಕ್ಕು ಮಾಡುವಾಗ ಮಣ್ಣಿನ ಮೂಸೆಯೊಳಗೆ ಏನೇನು ಹಾಕುತ್ತಿದ್ದರು ಎಂಬುದನ್ನೂ ಅವನು ಬರೆದಿದ್ದಾನೆ. ಕಬ್ಬಿಣದ ತುಂಡಿನ ಜೊತೆಗೆ ತಂಗಡಿ ಗಿಡದ ಕಡ್ಡಿ, ಒಂದು ಬಳ್ಳಿಯ ಎರಡು ಹಸಿರೆಲೆ! ಬೇಲಿಯ ಬದಿಯಲ್ಲಿ ಹಳದಿ ಹೂ ಬಿಡುವ ಅದೇ ತಂಗಡಿ. ಮುಚ್ಚಿದ ಮೂಸೆಯಲ್ಲಿ ಆ ಕಡ್ಡಿ ಇದ್ದಲಾಗಿ, ಆ ಇಂಗಾಲವನ್ನು ಹೀರಿದ ಕಬ್ಬಿಣ ಉಕ್ಕಾಗುತ್ತಿತ್ತು. ಚಕಮಕಿಗೆ ಮೆತ್ತನೆಯ ಕಬ್ಬಿಣ ಬಾರದು, ಉಕ್ಕೇ ಬೇಕು. ನಮ್ಮ ಊರಿನ ಕಿಡಿಯ ಹಿಂದೆಯೂ ಒಂದು ಕಾಡುಗಿಡವಿತ್ತೆಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆದರೆ ಕಿಡಿ ಹುಟ್ಟಿದರೆ ಸಾಲದು, ಅದಕ್ಕೊಂದು ಮಡಿಲು ಬೇಕು. ಕಿಡಿ ಕಣ್ಣೆವೆ ಮುಚ್ಚುವಷ್ಟರಲ್ಲಿ ಸಾಯುತ್ತದೆ. ಅದು ಬಿದ್ದ ಜಾಗ ಅದನ್ನು ಹಿಡಿದು, ಹೊಗೆಯಾಡಿಸಿ, ಉಸಿರು ಕೊಡುವವರೆಗೂ ಕಾಯಬೇಕು. ಎಕ್ಕದ ಹತ್ತಿಯನ್ನು ನೋಡಿ. ಬೇಸಿಗೆಯಲ್ಲಿ ಕಾಯಿ ಬಿರಿದು ರೇಷ್ಮೆಯಂತಹ ಎಳೆಗಳು ಗಾಳಿಯಲ್ಲಿ ತೇಲುತ್ತವೆ. ಬೂರುಗದ ಹತ್ತಿಯೂ ಹಾಗೆಯೇ. ಇವಕ್ಕೆ ಉರಿ ಸೋಕಿದರೆ ಭಗ್ಗೆಂದು ಹತ್ತಿ, ‘ಇಗೋ’ ಎನ್ನುವುದರೊಳಗೆ ಮುಗಿದುಹೋಗುತ್ತವೆ. ಹಾಗಾಗಿ ತಿಳಿದವರು ಹತ್ತಿಯನ್ನೋ ಹಳೆಯ ಬಟ್ಟೆಯನ್ನೋ ಮೊದಲೇ ಅರೆಬರೆ ಸುಟ್ಟು, ಗಾಳಿ ತಾಕದಂತೆ ಮುಚ್ಚಿ ಕರಿ ಮಾಡಿ ಇಟ್ಟುಕೊಳ್ಳುತ್ತಿದ್ದರು. ಕರಿಯಾದ ಅರಳೆ ಉರಿಯುವುದಿಲ್ಲ, ಕೆಂಪಗೆ ಕನಲುತ್ತದೆ. ಆ ಕನಲುವ ಚೂರನ್ನು ಒಣಹುಲ್ಲಿನ ಗೂಡಿನಲ್ಲಿಟ್ಟು, ಎರಡು ಅಂಗೈಯಲ್ಲಿ ಹಕ್ಕಿಮರಿಯ ಹಾಗೆ ಹಿಡಿದು ಮೆಲ್ಲಗೆ ಊದಬೇಕು. ಜೋರಾಗಿ ಊದಿದರೆ ಆರುತ್ತದೆ, ಊದದಿದ್ದರೆ ಸಾಯುತ್ತದೆ.

ಗೂಡಿಗೆ ಹುಲ್ಲು ಆರಿಸುವುದರಲ್ಲೂ ಒಂದು ಲೆಕ್ಕವಿತ್ತು. ದೇವರಾಯನದುರ್ಗದ ಕಡೆಯ ಬೆಟ್ಟಗಳ ಬಾದೆಹುಲ್ಲು, ಹಳ್ಳದ ದಂಡೆಯ ಈಚಲಿನ ಬುಡದಲ್ಲಿ ಗರಿಗಳ ನಡುವಿನ ಬಲೆಯಂಥ ನಾರು, ತೆಂಗಿನ ಸಿಪ್ಪೆಯ ಹೊಟ್ಟು ಇವೆಲ್ಲ ಗೂಡಿಗೆ ಬಂದವು. ಅದರ ಮೇಲೆ ಬೆರಳಿಗಿಂತ ಸಣ್ಣ ಪುಳ್ಳೆ. ಮಳೆ ಬಂದ ದಿನ ನೆಲದ ಮೇಲಿನ ಪುಳ್ಳೆ ಕೆಲಸಕ್ಕೆ ಬಾರದು. ಗಿಡದಲ್ಲೇ ಒಣಗಿ ನಿಂತ ಕಡ್ಡಿಯನ್ನು ಮುರಿಯಬೇಕು. ಮುರಿದಾಗ ‘ಚಟ್’ ಎಂದರೆ ಅದು ಒಣಗಿದೆ, ಬಾಗಿದರೆ ಹಸಿ. ಬಂದರಿಕೆ ಗಿಡ ಮಾತ್ರ ಎಲೆಯಲ್ಲಿ ಅಂಟು ಇರುವುದರಿಂದ ಹಸಿಯಾದರೂ ಚಟಚಟನೆ ಉರಿಯುತ್ತದೆ. ಕಳ್ಳಿ ಮತ್ತು ಎಕ್ಕದ ಹಸಿಗಿಡವನ್ನು ಒಲೆಯ ಹತ್ತಿರ ತರಬಾರದು, ಅವುಗಳ ಹಾಲು ಕಣ್ಣಿಗೆ ಕೇಡು. ಈಗ ಎಲ್ಲೆಲ್ಲೂ ಕಾಣುವ ಲಂಟಾನ, ಬಳ್ಳಾರಿ ಜಾಲಿ ಎರಡೂ ಅಮೆರಿಕ ಖಂಡದಿಂದ ಬಂದವು, ಬ್ರಿಟಿಷರ ಕಾಲದಲ್ಲಿ ಇಲ್ಲಿ ಹಬ್ಬಿದವು. ನಮ್ಮ ಅಜ್ಜಿಯರ ಅಜ್ಜಿಯರಿಗೆ ಅವುಗಳ ಗುರುತೂ ಇರಲಿಕ್ಕಿಲ್ಲ.

ಇಷ್ಟೆಲ್ಲ ಶ್ರಮವಿದ್ದುದರಿಂದಲೇ ಮನೆಯ ಹೆಂಗಸರು ಬೆಂಕಿಯನ್ನು ಆರಗೊಡುತ್ತಿರಲಿಲ್ಲ. ರಾತ್ರಿ ಊಟವಾದ ಮೇಲೆ ನಮ್ಮಜ್ಜಿ ಗಟ್ಟಿ ಕೊರಡೊಂದರ ಕೆಂಡವನ್ನು ಒಲೆಯ ಮೂಲೆಗೆ ಎಳೆದು, ಮೇಲೊಂದು ಬೆರಣಿಯ ಚೂರಿಟ್ಟು, ಬೂದಿಯನ್ನು ಮಗುವಿಗೆ ಹೊದಿಸುವಂತೆ ಹೊದಿಸುತ್ತಿದ್ದಳು. ಬೆಳಗ್ಗೆ ಬೂದಿ ಸರಿಸಿ, ಪುಳ್ಳೆಯಿಟ್ಟು, ಊದುಗೊಳವೆಯಿಂದ ನಾಲ್ಕು ಸಲ ಊದಿದರೆ ಒಲೆ ಎದ್ದು ಕೂರುತ್ತಿತ್ತು. ತಪ್ಪಿ ಆರಿದ್ದರೆ ಒಡಕು ಬೋಕಿಯಲ್ಲಿ ಬೆರಣಿ ಹಿಡಿದು ಪಕ್ಕದ ಮನೆಗೆ ನನ್ನನ್ನು ಓಡಿಸುತ್ತಿದ್ದಳು. ‘ಅಕ್ಕಯ್ಯಾ, ಒಸಿ ಬೆಂಕಿ ಕೊಡಬೇಕಂತೆ’ ಎಂದು ಬಾಗಿಲಲ್ಲಿ ನಿಂತು ಕೂಗುವುದು ನನ್ನ ಕೆಲಸ. ಎರಡು ಮನೆಗಳಿಗೆ ಜಗಳವಾದರೆ ಮೊದಲು ನಿಲ್ಲುತ್ತಿದ್ದುದು ಬೆಂಕಿ ಕೊಡುವುದು, ರಾಜಿಯಾದರೆ ಮೊದಲು ಶುರುವಾಗುತ್ತಿದ್ದುದೂ ಅದೇ.

ಬೆಂಕಿಕಡ್ಡಿ ಬಂದು ಈ ಹಂಗನ್ನು ಹರಿಯಿತು. ಇಂಗ್ಲೆಂಡಿನಲ್ಲಿ ಜಾನ್ ವಾಕರ್ ಎಂಬ ಔಷಧಿ ಅಂಗಡಿಯವನು ಗೀರಿದರೆ ಹತ್ತುವ ಕಡ್ಡಿಯನ್ನು 1827ರಲ್ಲಿ ಮಾರಾಟಕ್ಕಿಟ್ಟ. ಆಮೇಲೆ ಬಂದ ಬಿಳಿ ರಂಜಕದ ಕಡ್ಡಿಗಳು ಸುಲಭವಾಗಿ ಹತ್ತುತ್ತಿದ್ದವು, ಆದರೆ ಅವನ್ನು ಮಾಡುವ ಕೈಗಳನ್ನು ತಿನ್ನುತ್ತಿದ್ದವು. ಆ ಹೊಗೆಗೆ ಕೆಲಸಗಾರರ ದವಡೆಯ ಮೂಳೆಯೇ ಕೊಳೆಯುತ್ತಿತ್ತು. 1888ರಲ್ಲಿ ಲಂಡನ್ನಿನ ಬೆಂಕಿಕಡ್ಡಿ ಕಾರ್ಖಾನೆಯ ಸುಮಾರು 1400 ಹೆಂಗಸರು, ಹುಡುಗಿಯರು ಕೆಲಸ ಬಿಟ್ಟು ಹೊರಬಂದರು. ಅವರ ಸಂಕಟವನ್ನು ಪತ್ರಿಕೆಯಲ್ಲಿ ಬರೆದಾಕೆ ಮುಂದೆ ನಮ್ಮ ದೇಶಕ್ಕೇ ಬಂದು ನೆಲೆಸಿದ ಅನಿ ಬೆಸೆಂಟ್. ಭಾರತದಲ್ಲಿ ಬಿಳಿ ರಂಜಕದ ಕಡ್ಡಿಯನ್ನು 1913ರ ಕಾಯಿದೆ ನಿಷೇಧಿಸಿತು. 1923ರಲ್ಲಿ ಶಿವಕಾಶಿಯಲ್ಲಿ ಈ ಕೈಗಾರಿಕೆ ಬೇರುಬಿಟ್ಟಿತು, ಅಲ್ಲಿಯೂ ಕಡ್ಡಿ ಜೋಡಿಸಿದ್ದು ಬಹುಪಾಲು ಹೆಣ್ಣು ಕೈಗಳೇ, ಬಹಳ ವರ್ಷ ಮಕ್ಕಳ ಕೈಗಳೂ ಸಹ. 2021ರ ಡಿಸೆಂಬರಿನಲ್ಲಿ ಪೊಟ್ಟಣದ ಬೆಲೆ ಒಂದು ರೂಪಾಯಿಯಿಂದ ಎರಡಕ್ಕೆ ಏರಿದಾಗ ನಾವು ಗೊಣಗಿದೆವು. ಒಂದು ಕಡ್ಡಿಯನ್ನು ಉದ್ದಕ್ಕೆ ಸೀಳಿ ಎರಡು ಸಲ ಬಳಸುತ್ತಿದ್ದ ನಮ್ಮಜ್ಜಿಗೆ ಆ ಗೊಣಗಾಟ ಅರ್ಥವಾಗುತ್ತಿತ್ತು.

ಹಳೆಯದನ್ನು ಹೊಗಳುವಾಗ ಹೊಗೆಯನ್ನು ಮರೆಯಬಾರದು. ಆ ಒಲೆಯ ಮುಂದೆ ಕೂತವರ ಕಣ್ಣು, ಶ್ವಾಸಕೋಶ ಎರಡೂ ಸವೆದವು. 2016ರಲ್ಲಿ ಉಜ್ವಲಾ ಯೋಜನೆ ಬಂದು ಅನೇಕ ಮನೆಗಳಿಗೆ ಅನಿಲ ಕೊಟ್ಟಿತು. ಆದರೂ ಸಿಲಿಂಡರ್ ತುಂಬಿಸುವ ದುಡ್ಡಿಲ್ಲದ ತಿಂಗಳು ನಮ್ಮ ಹಳ್ಳಿಗಳ ಹೆಂಗಸರು ಮತ್ತೆ ಪುಳ್ಳೆ ಆರಿಸುತ್ತಾರೆ.

ಇನ್ನೊಂದು ಮಾತನ್ನು ಹೇಳದೆ ಈ ಚರಿತ್ರೆ ಮುಗಿಯುವುದಿಲ್ಲ. ನಮ್ಮ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಸೂತಕವೆಂದು ಹಟ್ಟಿಯ ಹೊರಗೆ ಗುಡಿಸಿಲಿನಲ್ಲಿ ಇರಿಸುವ ಪದ್ಧತಿ ಬಹುಕಾಲ ನಡೆದು ಬಂತು. ಕಾಡಿನಲ್ಲಿ ಒಂದು ಕಿಡಿಯಿಂದ ಬೆಚ್ಚಗಿರುವ ವಿದ್ಯೆ ಯಾವ ಜನಕ್ಕೆ ಚೆನ್ನಾಗಿ ಗೊತ್ತಿತ್ತೋ, ಅವರ ಹೆಣ್ಣುಮಕ್ಕಳೇ ಹಸುಗೂಸಿನೊಂದಿಗೆ ಚಳಿಯಲ್ಲಿ ಕೂರಬೇಕಾಯಿತು. ಇದನ್ನು ತಡೆಯಲು 2017ರ ಕಾಯಿದೆ ಇದ್ದರೂ, 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿಯ ಗೊಲ್ಲರಹಟ್ಟಿಯಲ್ಲಿ ಮಳೆಗಾಳಿಗೆ ಗುಡಿಸಿಲಿನಲ್ಲಿದ್ದ ಎಳೆಗೂಸೊಂದು ತೀರಿಕೊಂಡಿತು. ಆ ಸುದ್ದಿ ಓದಿದ ದಿನ ನನಗೆ ಅನ್ನ ಸೇರಲಿಲ್ಲ. ಈಗ ಅದೇ ಹಟ್ಟಿಗಳ ಓದಿದ ಹೆಣ್ಣುಮಕ್ಕಳು ‘ನಾವು ಮನೆಯಲ್ಲೇ ಇರುತ್ತೇವೆ’ ಎಂದು ಹೇಳತೊಡಗಿದ್ದಾರೆ. ಬೆಂಕಿ ಮಾಡುವ ಜಾಣ್ಮೆ ಎಲ್ಲರದೂ ಆಗಿರಬಹುದು, ಬೆಚ್ಚಗಿರುವ ಹಕ್ಕೂ ಎಲ್ಲರದಾದಾಗಲೇ ಅದಕ್ಕೆ ಬೆಲೆ.

ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಇಂದು ಸೂರ್ಯನ ಬಿಸಿಲಿನಿಂದ 2,050 ಮೆಗಾವಾಟ್ ವಿದ್ಯುತ್ತು ತಯಾರಿಸುವ ಉದ್ಯಾನವಿದೆ. 2019ರಲ್ಲಿ ಅದು ಪೂರ್ತಿಯಾಯಿತು. ಬರಗಾಲದ ನೆಲ ಗುತ್ತಿಗೆಯ ಹಣ ಕೊಡುತ್ತಿದೆ, ಒಳ್ಳೆಯದೇ. ಆದರೆ ಬೇಲಿಯ ಒಳಗೆ ಸೇರಿದ ಬಯಲಿನಲ್ಲಿ ಕುರಿ ಮೇಯುವುದಿಲ್ಲ. ಮೇಯಿಸುವವನು ಹೋದರೆ ಅವನ ಚೀಲದಲ್ಲಿದ್ದ ವಿದ್ಯೆಯೂ ಹೋಗುತ್ತದೆ, ಗಿಡಗಳ ಹೆಸರೂ ಹೋಗುತ್ತವೆ. ಮಕ್ಕಳಿಗೆ ಚಕಮಕಿಯಿಂದಲೇ ಬದುಕಿ ಎಂದು ನಾನು ಹೇಳುತ್ತಿಲ್ಲ. ಬೇಸಿಗೆಯಲ್ಲಿ ಬೆಟ್ಟದ ಹುಲ್ಲಿಗೆ ಕಿಡಿ ತಾಕಿದರೆ ಏನಾಗುತ್ತದೆಂದು ನಮ್ಮ ಊರುಗಳಿಗೆ ಗೊತ್ತು. ಬೆಂಕಿ ಹೇಗೆ ಹುಟ್ಟುತ್ತದೆಂದು ಬಲ್ಲವರೇ ಅದನ್ನು ನೆಲ ಕೆರೆದು, ಕಲ್ಲು ಸುತ್ತಿಟ್ಟು, ಏಳುವಾಗ ನೀರು ಸುರಿದು ನಂದಿಸುವವರು.

ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ ಬಂದು ಬಯಲಿನಲ್ಲಿ ಮೂರು ಕಲ್ಲು ಹೂಡಿ ಅಡುಗೆಗೆ ಕೂರುವ ಸಂಸಾರಗಳನ್ನು ಒಮ್ಮೆ ಗಮನಿಸಿ. ಗಾಳಿಗೆ ಕಡ್ಡಿಯ ಮೇಲೆ ಕಡ್ಡಿ ಆರುತ್ತಿದ್ದರೆ ಸೊಸೆಯಂದಿರು ಪೊಟ್ಟಣ ಕೆಳಗಿಟ್ಟು ಮನೆಯ ಹಿರಿಯಳನ್ನು ಕರೆಯುತ್ತಾರೆ. ಆಕೆ ಸೆರಗನ್ನು ಗಾಳಿಗೆ ಅಡ್ಡ ಹಿಡಿದು, ಎರಡು ಬೆರಳಿನಲ್ಲಿ ಪುಳ್ಳೆಯನ್ನು ಸರಿಮಾಡಿ, ಒಣಹುಲ್ಲಿನ ಒಂದು ಹಿಡಿ ಕೆಳಗಿಡುತ್ತಾಳೆ. ಹೊಗೆ ಏಳುತ್ತದೆ, ಆಮೇಲೆ ಉರಿ. ಆಗ ಪಕ್ಕದಲ್ಲಿ ಕೂತು ಆ ಕೈಯನ್ನು ನೋಡುವ ಒಂದು ಮೊಮ್ಮಗಳಾದರೂ ಇರಲಿ.