ವೈದ್ಯಭೀತಿಯ ಮೂಲ

ರೋಗಿಯನ್ನು ಬದುಕಿಸಬೇಕಾದ ವೈದ್ಯನೇ ಭಯಾನಕರಸಕ್ಕೆ ಆಲಂಬನನಾಗುವ ಚಲಚ್ಚಿತ್ರಗಳು ಪಾಶ್ಚಾತ್ಯರಲ್ಲಿ ಅನೇಕವಾಗಿವೆ. ಈ ಭಯವನ್ನು ಬರಿಯ ಕವಿಕಲ್ಪನೆಯೆಂದು ಬಗೆಯುವವರುಂಟು. ಚರಿತ್ರೆಯನ್ನು ಪರಿಶೀಲಿಸಿದರೆ ಆ ಅಭಿಪ್ರಾಯವು ನಿಲ್ಲದು. ರಾಬರ್ಟ್ ವೈಸನು ನಿರ್ದೇಶಿಸಿ ೧೯೪೫ರಲ್ಲಿ ಹೊರಬಂದ ‘ದಿ ಬಾಡಿ ಸ್ನ್ಯಾಚರ್’ ಎಂಬ ಚಿತ್ರವು ಇದಕ್ಕೆ ನಿದರ್ಶನ. ೧೮೮೪ರಲ್ಲಿ ಪ್ರಕಟವಾದ ಸ್ಟೀವನ್‌ಸನ್ನನ ಕಥೆಯು ಅದಕ್ಕೆ ಆಧಾರ. ಕಥೆಗೆ ಆಧಾರವಾದುದು ಎಡಿನ್‌ಬರೋ ನಗರದ ನಿಜವೃತ್ತಾಂತ.

ಆ ಕಾಲದ ಬ್ರಿಟನ್ನಿನಲ್ಲಿ ಶವಚ್ಛೇದಕ್ಕೆ ಶಾಸನಸಮ್ಮತವಾಗಿ ದೊರೆಯುತ್ತಿದ್ದುದು ಮುಖ್ಯವಾಗಿ ಗಲ್ಲಿಗೇರಿದ ಕೊಲೆಗಡುಕರ ದೇಹ. ವಿದ್ಯಾರ್ಥಿಗಳು ಹೆಚ್ಚಿದಂತೆ ಶವಗಳು ಸಾಲದಾದುವು. ಗೋರಿಗಳನ್ನು ಅಗೆದು ಹೆಣಗಳನ್ನು ಕದ್ದು ಮಾರುವುದು ಕೆಲವರಿಗೆ ವೃತ್ತಿಯಾಯಿತು. ಬರ್ಕ್, ಹೇರ್ ಎಂಬಿಬ್ಬರು ಅಗೆಯುವ ಶ್ರಮವನ್ನೂ ಪಡದೆ, ೧೮೨೮ರಲ್ಲಿ ೧೬ ಮಂದಿಯನ್ನು ಕೊಂದು ಡಾಕ್ಟರ್ ರಾಬರ್ಟ್ ನಾಕ್ಸನ ಶಾಲೆಗೆ ಮಾರಿದರು. ಹೇರನು ರಾಜಸಾಕ್ಷಿಯಾಗಿ ಉಳಿದನು. ಬರ್ಕನನ್ನು ೧೮೨೯ರ ಜನವರಿ ೨೮ರಂದು ಗಲ್ಲಿಗೇರಿಸಿ, ಅವನ ದೇಹವನ್ನೂ ಛೇದಿಸಿದರು. ನಾಕ್ಸನ ಮೇಲೆ ಮೊಕದ್ದಮೆ ನಡೆಯಲಿಲ್ಲ.

ಮುಂದೆ ೧೮೩೨ರ ಶಾಸನವು, ಬಡವರ ಆಶ್ರಯಗೃಹಗಳಲ್ಲಿ ಸತ್ತು ಬಂಧುಗಳಾರೂ ಕೇಳದ ಶವಗಳನ್ನು ಶಾಲೆಗಳಿಗೆ ಕೊಡಲು ಅವಕಾಶವಿತ್ತಿತು. ಹೆಣಗಳ್ಳತನವು ಅಡಗಿತು. ಆದರೆ ಕೊಲೆಗೆ ದಂಡನೆಯಾಗಿದ್ದುದು ಈಗ ಬಡತನಕ್ಕೆ ಬಂದಿತು. ಆಶ್ರಯಗೃಹದ ಹೆಸರಿಗೇ ಬಡವರು ಅಂಜಿದರು.

ಚಿತ್ರದಲ್ಲಿ ವೈದ್ಯನ ಶಸ್ತ್ರಚಿಕಿತ್ಸೆಯಿಂದ ನಡೆಯಲಾರದ ಬಾಲಿಕೆಯು ಕಾಲೂರಿ ನಿಲ್ಲುತ್ತಾಳೆ. ಆ ಚಿಕಿತ್ಸೆಯ ಪೂರ್ವಾಭ್ಯಾಸಕ್ಕೆ ಶವ ಬೇಕಾದಾಗ, ಬೀದಿಯಲ್ಲಿ ಹಾಡಿ ಬೇಡುವ ಹುಡುಗಿಯೊಬ್ಬಳು ಹತಳಾಗುತ್ತಾಳೆ. ಒಬ್ಬಳ ಕಾಲಿಗೆ ಇನ್ನೊಬ್ಬಳ ಪ್ರಾಣವು ಬೆಲೆಯಾಯಿತು. ಆದುದರಿಂದ ಈ ಚಿತ್ರದ ಭಯಾನಕಕ್ಕೆ ಸ್ಥಾಯಿಯಾದ ಭಯವು ಬಡವರ ನೆನಪಿನಿಂದಲೇ ಬಂದುದೆಂದು ತಿಳಿಯಬೇಕು.